ರಾಣಿ ಜೇನು: ಹುಟ್ಟಿನಿಂದಲೋ, ಊಟದಿಂದಲೋ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ತೋಟದಲ್ಲಿ ಎಂಟು ತುಡುವೆ ಜೇನಿನ ಪೆಟ್ಟಿಗೆ ಇವೆ. ರಾಯಲ್ ಜೆಲ್ಲಿ ತಿಂದರೆ ಯಾವ ಮರಿಹುಳುವಾದರೂ ರಾಣಿ ಆಗುತ್ತದೆ ಅಂತ ಓದಿದ್ದೇನೆ. ಹಾಗಿದ್ದರೆ, ಒಳ್ಳೆ ಪೆಟ್ಟಿಗೆಯಿಂದಲೇ ರಾಣಿ ಬೆಳೆಸಿ ಅಂತ ತರಬೇತಿಯಲ್ಲಿ ಹೇಳಿದ್ದು ಯಾಕೆ? ರಾಣಿ ಆಗುವುದು ವಂಶದಿಂದಲೋ, ಊಟದಿಂದಲೋ? ಇರುವೆ, ಕಣಜಗಳಲ್ಲೂ ಹೀಗೇನಾ? ಒಂದು ಪೆಟ್ಟಿಗೆಯ ಹುಳುವನ್ನು ಇನ್ನೊಂದು ಪೆಟ್ಟಿಗೆಯ ನೊಣಗಳು ಸಾಕಿದರೆ ಯಾರ ಗುಣ ಬರುತ್ತದೆ?

ಉತ್ತರ: ನೀವು ಕೇಳಿದ್ದರಲ್ಲಿ ಎರಡು ವಿಷಯ ಹೆಣೆದುಕೊಂಡಿವೆ. ಯಾವ ಹುಳು ರಾಣಿ ಆಗುತ್ತದೆ ಅನ್ನುವುದು ಒಂದು. ಅದು ಎಂಥಾ ರಾಣಿ ಆಗುತ್ತದೆ ಅನ್ನುವುದು ಇನ್ನೊಂದು. ಜೇನಿನಲ್ಲಿ ಮೊದಲನೆಯದನ್ನು ಊಟ ತೀರ್ಮಾನ ಮಾಡುತ್ತದೆ. ಎರಡನೆಯದರಲ್ಲಿ ವಂಶದ ಪಾಲು ದೊಡ್ಡದು. ಇವೆರಡನ್ನು ಬಿಡಿಸಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಉಳಿದರ್ಧ ಇರುವೆಗಳದ್ದು, ಅಲ್ಲಿ ಲೆಕ್ಕವೇ ಬೇರೆ.

ಒಂದು ಸಣ್ಣ ಮಾತು ಮೊದಲೇ ಹೇಳಿಬಿಡುತ್ತೇನೆ. ಜೇನಿನ ಬಗ್ಗೆ ಬರೆಯುವಾಗ 'ಜೀನು' ಅಂತ ಬರೆದರೆ ಕಣ್ಣು ತಪ್ಪುತ್ತದೆ. ಅದಕ್ಕೇ ವಂಶವಾಹಿ ಅಂತ ಬರೆಯುತ್ತೇನೆ.

ಹೂವಿನ ಕಾಲದಲ್ಲಿ ಪೆಟ್ಟಿಗೆ ತೆರೆದಾಗ ಒಂದು ಎರಿ, ಅಂದರೆ ಕಣಗಳಿರುವ ಮೇಣದ ಹಲಗೆ, ಎತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಪೂರ್ತಿ ಕೆಲಸಗಾರ ನೊಣಗಳ ಕಣ. ಅಂಚಿನ ಕಡೆ ಸ್ವಲ್ಪ ದೊಡ್ಡವು ಗಂಡು ನೊಣಗಳದ್ದು. ತುಡುವೆಯಲ್ಲಿ ಗಂಡಿನ ಕಣದ ಮುಚ್ಚಳದ ನೆತ್ತಿಯಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಒಂದು ತೂತು ಇರುತ್ತದೆ. ಎರಿಯ ಕೆಳ ಅಂಚಿನಲ್ಲಿ ಬೆರಳ ತುದಿಯ ಹಾಗೆ ಕೆಳಮುಖವಾಗಿ ಜೋತುಬಿದ್ದದ್ದು ರಾಣಿ ಕಣ. ರಾಣಿ ಹೊರಬರುವ ದಿನ ಹತ್ತಿರ ಬಂದ ಹಾಗೆ ನೊಣಗಳು ಅದರ ತುದಿಯ ಮೇಣ ಕೆರೆದು ತೆಗೆಯುತ್ತವೆ. ಒಳಗಿನ ಕಂದು ಬಣ್ಣದ ಪೊರೆ ಕಾಣುತ್ತದೆ. ನೀವೂ ನೋಡಿರುತ್ತೀರಿ.

ಈ ಮೂರೂ ಕಣಕ್ಕೆ ಮೊಟ್ಟೆ ಇಟ್ಟದ್ದು ಒಬ್ಬಳೇ ತಾಯಿ. ಗಂಡಿನ ಮೊಟ್ಟೆಗೆ ವೀರ್ಯ ಸೇರಿರುವುದಿಲ್ಲ. ಅಂದರೆ ಗಂಡು ನೊಣಕ್ಕೆ ಅಪ್ಪನೇ ಇಲ್ಲ, ತಾಯಿಯ ಅರ್ಧ ವಂಶವಾಹಿಗಳಷ್ಟೇ ಅದರ ಆಸ್ತಿ. ಇದನ್ನು ಮೊದಲು ಹೇಳಿದವರು ಸಿಲೇಷಿಯಾದ ಪಾದ್ರಿ ಯೊಹಾನ್ ಜಿಯರ್ಝೋನ್, 1845ರಲ್ಲಿ. ಆಗ ನಂಬಿದವರು ಕಡಿಮೆ. ಆದರೆ ಕೆಲಸಗಾರ ನೊಣಕ್ಕೂ ರಾಣಿಗೂ ಈ ಥರದ ವ್ಯತ್ಯಾಸ ಇಲ್ಲ. ಎರಡೂ ವೀರ್ಯ ಸೇರಿದ ಮೊಟ್ಟೆಯಿಂದಲೇ ಬಂದವು. ಒಂದು ದಿನದ ಕೆಲಸಗಾರ ಹುಳುವನ್ನು ಎತ್ತಿ ರಾಣಿ ಕಣದಲ್ಲಿ ಇಟ್ಟರೆ ಅದು ರಾಣಿ ಆಗಿ ಬರುತ್ತದೆ. ರಾಣಿ ಬೆಳೆಸುವ ಇಡೀ ಕಸುಬು ನಿಂತಿರುವುದೇ ಇದರ ಮೇಲೆ.

ಹಾಗಾದರೆ ಊಟದಲ್ಲಿ ಏನಿದೆ? ಮೊದಲ ಎರಡು ಮೂರು ದಿನ ಎಲ್ಲಾ ಮರಿಗೂ ದಾದಿ ನೊಣಗಳ ತಲೆಯ ಗ್ರಂಥಿಗಳಿಂದ ಬರುವ ರಸವೇ ಊಟ. ಆಮೇಲೆ ಕೆಲಸಗಾರ ಮರಿಗೆ ಜೇನು, ಪರಾಗ ಬೆರೆಸಿದ್ದು ಸಿಗುತ್ತದೆ. ಅದೂ ಅಳತೆಯಲ್ಲಿ. ರಾಣಿ ಮರಿಗೆ ಮಾತ್ರ ಕಣ ಮುಚ್ಚುವ ತನಕ ದಾದಿ ನೊಣಗಳ ರಸವೇ, ಅಂದರೆ ರಾಯಲ್ ಜೆಲ್ಲಿ, ತಿಂದು ಮಿಗುವಷ್ಟು. ಯುರೋಪಿನ ಜೇನಿನಲ್ಲಿ ಹೀಗೆ ತಿಂದ ಹುಳು ಮೊಟ್ಟೆಯಿಂದ 16 ದಿನಕ್ಕೆ ರಾಣಿಯಾಗಿ ಹೊರಬರುತ್ತದೆ. ಅದರ ಅಕ್ಕತಂಗಿಯರು ಕೆಲಸಗಾರರಾಗಿ ಬರಲು 21 ದಿನ ಬೇಕು. ರಾಣಿ ವರ್ಷಗಟ್ಟಲೆ ಬದುಕುತ್ತದೆ. ಹೂವಿನ ಕಾಲದಲ್ಲಿ ದುಡಿಯುವ ನೊಣದ ಆಯಸ್ಸು ಕೆಲವೇ ವಾರ.

ಆ ಜೆಲ್ಲಿಯಲ್ಲಿ ಯಾವುದೋ ಒಂದು ಮಾಯದ ವಸ್ತು ಇದೆ ಅಂತ ಹುಡುಕಾಟ ಬಹಳ ಕಾಲ ನಡೆಯಿತು. 2011ರಲ್ಲಿ ಜಪಾನಿನ ಮಸಾಕಿ ಕಾಮಾಕುರಾ ಅದರಲ್ಲಿರುವ ಒಂದು ಪ್ರೋಟೀನೇ ರಾಣಿಯನ್ನು ಮಾಡುತ್ತದೆ ಅಂತ ಹೇಳಿದರು. ಅದಕ್ಕೆ ರಾಯಲ್ಯಾಕ್ಟಿನ್ ಅಂತ ಹೆಸರಿಟ್ಟರು. ದೊಡ್ಡ ಸುದ್ದಿಯಾಯಿತು. ಈಗಲೂ ಎಷ್ಟೋ ಲೇಖನಗಳಲ್ಲಿ ಅದನ್ನೇ ಬರೆಯುತ್ತಾರೆ. ಆದರೆ 2016ರಲ್ಲಿ ಜರ್ಮನಿಯ ತಂಡ ಮತ್ತೆ ಮಾಡಿ ನೋಡಿದಾಗ ರಾಯಲ್ಯಾಕ್ಟಿನ್ ಇಲ್ಲದೆಯೂ ರಾಣಿಗಳು ಬಂದವು. ಅದೇ ಪ್ರೋಟೀನಿನ ಇನ್ನೊಂದು ಕೆಲಸ 2018ರಲ್ಲಿ ಗೊತ್ತಾಯಿತು. ನನಗೆ ಇದು ಬಹಳ ಇಷ್ಟ. ರಾಣಿ ಕಣ ಬಾಯಿ ಕೆಳಗಾಗಿ ಜೋತಿರುತ್ತದೆ ಅಂದೆನಲ್ಲ? ಒಳಗಿನ ದಪ್ಪ ಹುಳು ಜಾರಿ ಬೀಳದೆ ಹೇಗೆ ನಿಲ್ಲುತ್ತದೆ? ಜೆಲ್ಲಿಗೆ ಹುಳಿ ಗುಣ ಇದೆ. ಆ ಹುಳಿಯಲ್ಲಿ ಈ ಪ್ರೋಟೀನು ಇನ್ನೊಂದು ಸಣ್ಣ ಪ್ರೋಟೀನಿನ ಜೊತೆ ಸೇರಿ ಎಳೆ ಎಳೆಯಾಗಿ ಹೆಣೆದುಕೊಳ್ಳುತ್ತದೆ. ಜೆಲ್ಲಿ ಗಟ್ಟಿ ಅಂಟಾಗುತ್ತದೆ. ಹುಳು ತನ್ನ ಊಟಕ್ಕೇ ಅಂಟಿಕೊಂಡು ಮೇಲೆ ನಿಲ್ಲುತ್ತದೆ. ರಾಣಿ ಕಣದಿಂದ ಜೆಲ್ಲಿ ತೆಗೆದವರಿಗೆ ಕಡ್ಡಿಯ ತುದಿಯಲ್ಲಿ ಆ ಅಂಟು ಗೊತ್ತಾಗಿರುತ್ತದೆ.

ಒಂದೇ ವಸ್ತುವಿನ ಮಾಯ ಅಲ್ಲ ಇದು. ಸಕ್ಕರೆ ಎಷ್ಟು, ಪ್ರೋಟೀನು ಎಷ್ಟು, ಒಟ್ಟು ಊಟ ಎಷ್ಟು, ಜಾಗ ಎಷ್ಟು, ಯಾವ ವಯಸ್ಸಿನಿಂದ ಸಿಕ್ಕಿತು, ಎಲ್ಲವೂ ಸೇರಿ ಕೆಲಸ ಮಾಡುತ್ತವೆ.

ಇನ್ನು ಹುಳುವಿನ ಒಳಗೆ ನೋಡೋಣ. ರಾಣಿಯ ಅಂಡಾಶಯ ಸಣ್ಣ ಕೊಳವೆಗಳ ಕಟ್ಟು ಇದ್ದ ಹಾಗೆ. ಯುರೋಪಿನ ಜೇನಿನ ರಾಣಿಯಲ್ಲಿ ಒಂದೊಂದು ಬದಿಗೆ 150ರಿಂದ 200 ಕೊಳವೆ. ಕೆಲಸಗಾರ ನೊಣದಲ್ಲಿ ಹೆಚ್ಚೆಂದರೆ ಹತ್ತು ಹನ್ನೆರಡು. ಕೆಲಸಗಾರ ನೊಣದಲ್ಲಿ ಇವು ಬೆಳೆಯಲೇ ಇಲ್ಲ ಅಂತ ತಾನೆ ನಾವು ಅಂದುಕೊಳ್ಳುವುದು? ಅಲ್ಲ. ಎಳೆಯ ಹುಳುವಿನಲ್ಲಿ ಎರಡಕ್ಕೂ ಒಂದೇ ಥರ ಕೊಳವೆಗಳ ಮೊಳಕೆ ಇರುತ್ತವೆ, ನೂರಕ್ಕೂ ಜಾಸ್ತಿ. ಕಣ ಮುಚ್ಚುವ ಹೊತ್ತಿಗೆ ಕೆಲಸಗಾರ ಹುಳುವಿನಲ್ಲಿ ಅವು ಒಂದೊಂದಾಗಿ ಸಾಯುತ್ತವೆ. ರಾಣಿ ಹುಳುವಿನ ಮೈಯಲ್ಲಿ ಜುವೆನೈಲ್ ಹಾರ್ಮೋನ್ ಅನ್ನುವ ರಸ ಜಾಸ್ತಿ ಇರುತ್ತದೆ. ಅದು ಆ ಸಾವನ್ನು ತಡೆಯುತ್ತದೆ. ಪ್ರತಿ ಕೆಲಸಗಾರ ಹುಳುವಿನಲ್ಲೂ ರಾಣಿಯಾಗುವ ಸಿದ್ಧತೆ ಇತ್ತು. ಅದನ್ನು ಕಳಚಿ ಹಾಕಲಾಗಿದೆ.

ಇಲ್ಲೇ ವಂಶವಾಹಿಗಳ ಮಾತು ಬರುವುದು. ನೀವು ಯಕ್ಷಗಾನದ ಊರಿನವರು, ಹೀಗೆ ಹೇಳಿದರೆ ಹತ್ತಿರವಾದೀತು. ಪ್ರಸಂಗದ ಪುಸ್ತಕ ಒಂದೇ. ಇಡೀ ರಾತ್ರಿ ಆಟಕ್ಕೆ ಭಾಗವತರು ಎತ್ತಿಕೊಳ್ಳುವ ಪದ್ಯಗಳು ಬೇರೆ, ಮೂರು ತಾಸಿನ ಆಟಕ್ಕೆ ಎತ್ತಿಕೊಳ್ಳುವುದು ಬೇರೆ. ಬಿಟ್ಟ ಪದ್ಯ ಪುಸ್ತಕದಿಂದ ಹರಿದುಹೋಗಿಲ್ಲ, ಹಾಡಿಲ್ಲ ಅಷ್ಟೆ. ರಾಣಿಗೂ ಕೆಲಸಗಾರ ನೊಣಕ್ಕೂ ಪುಸ್ತಕ ಒಂದೇ. ಯಾವ ಪದ್ಯ ಹಾಡಬೇಕು ಅಂತ ಊಟ ಗುರುತು ಹಾಕುತ್ತದೆ.

ಆ ಗುರುತುಗಳಲ್ಲಿ ಒಂದು ಬಗೆ ಡಿಎನ್‌ಎ ಮೇಲೆ ಅಂಟುವ ಮಿಥೈಲ್ ಅನ್ನುವ ಸಣ್ಣ ರಾಸಾಯನಿಕ ಚುಕ್ಕೆ. 2008ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ರಿಷಾರ್ಡ್ ಮಲೆಷ್ಕಾ ಅವರ ತಂಡ ಎಳೆಯ ಹುಳುಗಳಲ್ಲಿ ಈ ಚುಕ್ಕೆ ಹಾಕುವ ಒಂದು ವಂಶವಾಹಿಯ ಬಾಯಿ ಕಟ್ಟಿತು. ಊಟ ಬದಲಿಸಲಿಲ್ಲ. ಹಾಗಿದ್ದರೂ ಹೊರಬಂದವುಗಳಲ್ಲಿ ಹೆಚ್ಚಿನವು ಪೂರ್ತಿ ಅಂಡಾಶಯ ಇರುವ ರಾಣಿಗಳಾಗಿದ್ದವು. ಅದರ ಹಿಂದಿನ ವರ್ಷ, 2007ರಲ್ಲಿ, ಇನ್ನೊಂದು ತಂಡ ಇದರ ತಿರುವುಮುರುವು ತೋರಿಸಿತ್ತು. ಮೈಗೆ ಎಷ್ಟು ಪೋಷಣೆ ಸಿಗುತ್ತಿದೆ ಅಂತ ಅಳೆಯುವ ಟಾರ್ ಅನ್ನುವ ವಂಶವಾಹಿ ಇದೆ. ಅದನ್ನು ತಡೆದರೆ, ರಾಣಿಯ ಊಟ ಕೊಟ್ಟರೂ ಹುಳು ಕೆಲಸಗಾರ ನೊಣದ ರೂಪಕ್ಕೇ ಹೋಯಿತು. ಊಟ ಕೊಟ್ಟರೆ ಸಾಲದು, ಆ ಊಟವನ್ನು ಓದಿಕೊಳ್ಳುವ ವಂಶವಾಹಿ ಒಳಗಿರಬೇಕು. ಊಟವೋ ವಂಶವೋ ಅಂತ ನೀವು ಕೇಳಿದ್ದಕ್ಕೆ ಒಂದೇ ಮಾತಿನ ಉತ್ತರ ಸಿಗದಿರುವುದು ಇದಕ್ಕೇ.

ಯಾವ ಹುಳು ರಾಣಿ ಆಗಬೇಕು ಅನ್ನುವುದರಲ್ಲೂ ವಂಶದ ಕೈ ಸ್ವಲ್ಪ ಇದೆ. ರಾಣಿ ಹೊರಗೆ ಹಾರಿ ಹತ್ತಕ್ಕೂ ಹೆಚ್ಚು ಗಂಡುಗಳ ಜೊತೆ ಕೂಡಿ ಬರುತ್ತದೆ. ಹಾಗಾಗಿ ನಿಮ್ಮ ಒಂದು ಪೆಟ್ಟಿಗೆಯಲ್ಲಿ ತಾಯಿ ಒಬ್ಬಳು, ಅಪ್ಪಂದಿರು ಹಲವರು. 2005ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ರಾಣಿ ಸತ್ತಾಗ ತುರ್ತಾಗಿ ಬೆಳೆಸಿದ ಹೊಸ ರಾಣಿಗಳಲ್ಲಿ ಕೆಲವು ಅಪ್ಪಂದಿರ ಮಕ್ಕಳೇ ಜಾಸ್ತಿ ಕಂಡವು. ಕೆಲಸಗಾರರ ಗುಂಪಿನಲ್ಲಿ ಆ ಅಪ್ಪಂದಿರ ಮಕ್ಕಳು ಬಹಳ ಅಪರೂಪವಾಗಿದ್ದರು. ಊಟದ ಆಯ್ಕೆಯ ಸಂದಿಯಲ್ಲೇ ವಂಶ ತೂರಿಕೊಂಡಿದೆ.

ಈಗ ಬೇರೆ ಕೀಟಗಳಿಗೆ ಬರೋಣ.

ಬ್ರೆಜಿಲ್ಲಿನಲ್ಲಿ ಮೆಲಿಪೋನ ಅನ್ನುವ ಚುಚ್ಚದ ಜೇನು ಇದೆ, ನಮ್ಮ ಮುಜಂಟಿಯ ದೂರದ ನೆಂಟ. ಮುಜಂಟಿ ರಾಣಿಗೆ ದೊಡ್ಡ ಕಣ ಕಟ್ಟುತ್ತದೆ. ಮೆಲಿಪೋನ ಕಟ್ಟುವುದಿಲ್ಲ. ಎಲ್ಲಾ ಕಣವೂ ಒಂದೇ ಅಳತೆ, ಒಂದೇ ಊಟ, ತುಂಬಿಸಿ ಮುಚ್ಚಿಬಿಡುತ್ತದೆ. ಆದರೂ ಹೆಣ್ಣುಗಳಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಪಾಲು ರಾಣಿಗಳಾಗಿ ಬರುತ್ತವೆ. 1950ರಲ್ಲಿ ವಾರ್ವಿಕ್ ಕೆರ್ ಇದಕ್ಕೆ ಒಂದು ಲೆಕ್ಕ ಕೊಟ್ಟರು: ಎರಡು ವಂಶವಾಹಿಗಳು, ಎರಡರಲ್ಲೂ ಅಪ್ಪ ಅಮ್ಮ ಕೊಟ್ಟ ಪ್ರತಿ ಬೇರೆಬೇರೆ ಇದ್ದರೆ ಮಾತ್ರ ರಾಣಿ. ಹಾಗೆ ಹಿಡಿದರೆ ಸರಿಯಾಗಿ 25 ಶೇಕಡಾ ಬರುತ್ತದೆ. ಊಟ ಕಡಿಮೆಯಾದರೆ ರಾಣಿಗಳು ಅದಕ್ಕಿಂತ ಕಡಿಮೆ ಬರುತ್ತವೆ. ಅಷ್ಟು ರಾಣಿ ಯಾರಿಗೆ ಬೇಕು? ಹೊರಬಂದ ಹೆಚ್ಚಿನವನ್ನು ಕೆಲಸಗಾರ ನೊಣಗಳೇ ಕೊಂದು ಹಾಕುತ್ತವೆ.

ವಂಶವೇ ಪೂರ್ತಿ ತೀರ್ಮಾನ ಮಾಡುವುದನ್ನು ನೋಡಬೇಕು ಅಂದರೆ ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೋ ಕಡೆಯ ಕಾಳು ಕೂಡಿಡುವ ಇರುವೆಗಳನ್ನು ನೋಡಬೇಕು. ಪೊಗೊನೊಮಿರ್ಮೆಕ್ಸ್ ಅಂತ ಅವುಗಳ ಹೆಸರು. 2002ರಲ್ಲಿ ಎರಡು ಮೂರು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ಕಂಡವು. ಕೆಲವು ಜಾಗದಲ್ಲಿ ಒಂದೇ ಇರುವೆಯ ಎರಡು ಕವಲು ಅಕ್ಕಪಕ್ಕ ಬದುಕುತ್ತವೆ. ಹಾರುವ ದಿನ ಎರಡೂ ಕವಲಿನ ಗಂಡು ಹೆಣ್ಣು ಒಂದೇ ಜಾಗದಲ್ಲಿ ಸೇರುತ್ತವೆ. ರಾಣಿ ಎರಡೂ ಕವಲಿನ ಗಂಡುಗಳ ಜೊತೆ ಕೂಡುತ್ತದೆ. ತನ್ನದೇ ಕವಲಿನ ಗಂಡಿನಿಂದ ಹುಟ್ಟಿದ ಹೆಣ್ಣು ರಾಣಿ ಆಗುತ್ತದೆ. ಆಚೆ ಕವಲಿನ ಗಂಡಿನಿಂದ ಹುಟ್ಟಿದ ಹೆಣ್ಣು ಕೆಲಸಗಾರ ಇರುವೆ ಆಗುತ್ತದೆ. ಗರ್ಭದಲ್ಲೇ ಬರೆದಿಟ್ಟ ಹಣೆಬರಹ.

ಇದರ ಕಷ್ಟ ನೋಡಿ. ಆಚೆ ಕವಲಿನ ಗಂಡು ಸಿಗದೇ ಹೋದರೆ ರಾಣಿಗೆ ಒಂದು ಕೆಲಸಗಾರ ಮಗಳೂ ಹುಟ್ಟುವುದಿಲ್ಲ. ಮರಿಗೆ ಊಟ ತರಲು ಯಾರೂ ಇಲ್ಲದೆ ಗೂಡು ಸಾಯುತ್ತದೆ. ತನ್ನ ಕವಲಿನ ಗಂಡು ಸಿಗದಿದ್ದರೆ ಗೂಡೇನೋ ಬೆಳೆಯುತ್ತದೆ, ಮುಂದಿನ ತಲೆಮಾರಿಗೆ ರಾಣಿ ಮಗಳು ಇರುವುದಿಲ್ಲ. ಎರಡು ಕವಲೂ ಒಂದನ್ನೊಂದು ಬಿಟ್ಟು ಬದುಕಲಾರವು. ನಿಮ್ಮ ಜೇನಿನ ರಾಣಿ ಸತ್ತರೆ ನೊಣಗಳು ಯಾವುದಾದರೂ ಎಳೆ ಹುಳುವನ್ನು ಹಿಡಿದು ಹೊಸ ರಾಣಿ ಮಾಡಿಕೊಳ್ಳುತ್ತವಲ್ಲ, ಆ ಸಲೀಸು ಈ ಇರುವೆಗೆ ಇಲ್ಲ.

ಇದರ ಪೂರ್ತಿ ಎದುರು ತುದಿ ನಮ್ಮ ನೆಲದಲ್ಲೇ ಇದೆ. ಜಿಗಿಯುವ ಇರುವೆ, ಹಾರ್ಪೆಗ್ನಥೋಸ್ ಸಾಲ್ಟೇಟರ್. ದೊಡ್ಡ ಕಣ್ಣು, ಮುಂದಕ್ಕೆ ಚಾಚಿದ ಉದ್ದ ದವಡೆ, ಹತ್ತಿರ ಹೋದರೆ ಪಟ್ಟನೆ ನೆಗೆಯುತ್ತದೆ. 1990ರ ದಶಕದಲ್ಲಿ ಕರ್ನಾಟಕದಿಂದ ಹೋದ ಗೂಡುಗಳ ಸಂತತಿಯನ್ನು ಅಮೆರಿಕದ ಪ್ರಯೋಗಾಲಯಗಳು ಇಂದಿಗೂ ಸಾಕುತ್ತಿವೆ. 2010ರಲ್ಲಿ ಮೊದಲ ಬಾರಿಗೆ ಪೂರ್ತಿ ವಂಶವಾಹಿ ಓದಿದ ಎರಡು ಇರುವೆಗಳಲ್ಲಿ ಇದೂ ಒಂದು. ಈ ಗೂಡಿನಲ್ಲಿ ರಾಣಿ ಸತ್ತರೆ ಕೆಲಸಗಾರ ಇರುವೆಗಳು ಎದುರುಬದುರು ನಿಂತು ಮೀಸೆಯಲ್ಲಿ ಒಂದನ್ನೊಂದು ಹೊಡೆಯುತ್ತವೆ. ವಾರಗಟ್ಟಲೆ ನಡೆಯುವ ಪಂದ್ಯ ಅದು. ಗೆದ್ದ ಕೆಲವು ಮೊಟ್ಟೆ ಇಡಲು ಶುರು ಮಾಡುತ್ತವೆ. ಬೆಳೆದು ಮುಗಿದ ಇರುವೆಯ ಮೈ ಮತ್ತೆ ಬದಲಾಗುತ್ತದೆ. ಅಂಡಾಶಯ ದೊಡ್ಡದಾಗುತ್ತದೆ, ಮಿದುಳು ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ. ಏಳು ತಿಂಗಳು ಬದುಕುವ ಇರುವೆ ನಾಲ್ಕು ವರ್ಷದ ತನಕ ಬದುಕುತ್ತದೆ. ಮೊಟ್ಟೆ ಇಡುವುದನ್ನು ತಪ್ಪಿಸಿದರೆ ಮಿದುಳು ಮತ್ತೆ ಬೆಳೆದು ಮೊದಲಿನಂತಾಗುತ್ತದೆ. 2021ರಲ್ಲಿ ಇದು ಗೊತ್ತಾಯಿತು. ವಂಶವಾಹಿ ಒಂದೂ ಬದಲಾಗಿಲ್ಲ. ಹಾಡುವ ಪದ್ಯ ಬದಲಾಗಿದೆ.

ಕಣಜದ ಬಗ್ಗೆಯೂ ಕೇಳಿದ್ದೀರಿ. ಮಾಡಿನ ಕೆಳಗೆ, ಕಿಟಕಿ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ರೋಪಾಲಿಡಿಯಾ ಮಾರ್ಜಿನೇಟಾ ಅನ್ನುವ ಕಣಜವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಅದರಲ್ಲಿ ರಾಣಿಗೂ ಉಳಿದವಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ಆಗತಾನೆ ಹುಟ್ಟಿದ ಹೆಣ್ಣುಗಳನ್ನು ಒಂದೊಂದಾಗಿ ಬೇರೆ ಇಟ್ಟರೆ ಸುಮಾರು ಅರ್ಧದಷ್ಟು ತಾವೇ ಗೂಡು ಕಟ್ಟಿ ಮೊಟ್ಟೆ ಇಡುತ್ತವೆ, ಉಳಿದರ್ಧ ಇಡುವುದಿಲ್ಲ. ಮರಿಯಾಗಿದ್ದಾಗ ತಿಂದ ಊಟದ ಪ್ರಭಾವ ಅಲ್ಲೂ ಕಂಡಿದೆ.

ಸರಿ, ನಿಮ್ಮ ಎಂಟು ಪೆಟ್ಟಿಗೆಗೆ ವಾಪಸ್ ಬರೋಣ.

ರಾಯಲ್ ಜೆಲ್ಲಿ ಹುಳುವನ್ನು ರಾಣಿ ಮಾಡುತ್ತದೆ, ಒಳ್ಳೆ ರಾಣಿಯನ್ನು ಮಾಡುತ್ತದೆ ಅಂತ ಹೇಳಲಾಗದು. ಸೌಮ್ಯ ಗುಣ, ಸತ್ತ ಮರಿಯನ್ನು ಬೇಗ ಎತ್ತಿ ಹಾಕುವ ಶುಚಿ, ರೋಗ ತಡೆಯುವ ಶಕ್ತಿ, ಪದೇ ಪದೇ ಪಾಲಾಗುವ (ಕುಟುಂಬ ಒಡೆದು ಒಂದು ಗುಂಪು ಹಾರಿಹೋಗುವ) ಚಾಳಿ, ಇವೆಲ್ಲ ತಾಯಿ ಮತ್ತು ಆ ಹಲವು ಅಪ್ಪಂದಿರಿಂದ ಬರುವಂಥವು. 1990ರ ದಶಕದ ಶುರುವಿನಲ್ಲಿ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್ ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲು ಖಾಲಿಯಾದದ್ದನ್ನು ನಿಮ್ಮ ಊರಿನ ಹಿರಿಯರು ಮರೆತಿರಲಾರರು. ಆಗ ಉಳಿದುಕೊಂಡ ಕುಟುಂಬಗಳಿಂದಲೇ ಮತ್ತೆ ಪೆಟ್ಟಿಗೆ ತುಂಬಿಸಿದ್ದು. ತರಬೇತಿಯಲ್ಲಿ ಒಳ್ಳೆ ಪೆಟ್ಟಿಗೆಯಿಂದ ಅಂತ ಹೇಳಿದ್ದು ಸರಿಯಾಗಿಯೇ ಇದೆ. ಪಾಲಾಗಲು ಹೊರಟ ಪೆಟ್ಟಿಗೆಯ ರಾಣಿ ಕಣಗಳನ್ನೇ ವರ್ಷವೂ ಬಳಸುತ್ತಾ ಹೋದರೆ, ಪಾಲಾಗುವ ಚಾಳಿಯನ್ನೇ ನೀವು ಆರಿಸಿ ಬೆಳೆಸಿದ ಹಾಗಾಗುತ್ತದೆ. ಇದು ಬಹಳ ಜನ ಮಾಡುವ ತಪ್ಪು.

ಆದರೆ ಆ ಮಾತಿಗೆ ಒಂದು ತಿದ್ದುಪಡಿ ಬೇಕು. ಒಳ್ಳೆ ಪೆಟ್ಟಿಗೆಯಿಂದ ಅನ್ನಿ, ಒಂದೇ ಪೆಟ್ಟಿಗೆಯಿಂದ ಅನ್ನಬೇಡಿ. ಕಾರಣ ಹೇಳುತ್ತೇನೆ. ಜೇನಿನಲ್ಲಿ ಗಂಡೋ ಹೆಣ್ಣೋ ಅಂತ ಹೇಳುವ ಒಂದು ವಂಶವಾಹಿ ಇದೆ. 2003ರಲ್ಲಿ ಮಾರ್ಟಿನ್ ಬೇಯ ಮತ್ತು ಜೊತೆಗಾರರು ಅದನ್ನು ಗುರುತಿಸಿದರು. ಅದಕ್ಕೆ ಹಲವು ರೂಪಗಳಿವೆ. ತಾಯಿಯಿಂದ ಒಂದು, ಅಪ್ಪನಿಂದ ಒಂದು ಬಂದು, ಎರಡೂ ಬೇರೆ ರೂಪ ಆಗಿದ್ದರೆ ಹೆಣ್ಣು. ಎರಡೂ ಒಂದೇ ರೂಪವಾದರೆ, ವೀರ್ಯ ಸೇರಿದ ಮೊಟ್ಟೆಯಾದರೂ ಅದು ಗಂಡೇ. ಈ ಗಂಡು ಯಾವ ಕೆಲಸಕ್ಕೂ ಬಾರದು. ಪೋಲೆಂಡಿನ ಯೆರ್ಝಿ ವೋಯ್ಕೆ 1960ರ ದಶಕದಲ್ಲೇ ತೋರಿಸಿದ್ದರು: ಇಂಥ ಮರಿಯನ್ನು ಕೆಲಸಗಾರ ನೊಣಗಳು ಗುರುತು ಹಿಡಿದು ತಿಂದುಬಿಡುತ್ತವೆ.

ನಿಮ್ಮ ಎಂಟೂ ಪೆಟ್ಟಿಗೆಯ ರಾಣಿಯರು ಒಬ್ಬಳೇ ತಾಯಿಯ ಮಕ್ಕಳಾದರೆ ಊರಿನ ಗಂಡು ನೊಣಗಳೂ ಅದೇ ಮನೆಯವು ಆಗುತ್ತವೆ. ಮುಂದಿನ ರಾಣಿ ತನ್ನದೇ ರೂಪ ಇರುವ ಗಂಡಿನ ಜೊತೆ ಕೂಡುತ್ತದೆ. ಆ ಗಂಡಿನ ಪಾಲಿನ ಮರಿಗಳಲ್ಲಿ ಅರ್ಧ ಹೀಗೆ ಹೋಗುತ್ತವೆ. ಹೊರಗಿಂದ ನೋಡಿದರೆ ರಾಣಿ ಚೆನ್ನಾಗಿ ಮೊಟ್ಟೆ ಇಡುತ್ತಿರುತ್ತದೆ, ಕುಟುಂಬ ಮಾತ್ರ ಬೆಳೆಯುವುದಿಲ್ಲ. ಎರಿ ಎತ್ತಿ ನೋಡಿದರೆ ಮುಚ್ಚಿದ ಕಣಗಳ ನಡುವೆ ಅಲ್ಲಲ್ಲಿ ಖಾಲಿ ಕಣ, ತೂತು ಬಿದ್ದ ಕಂಬಳಿಯ ಹಾಗೆ. ಸ್ಯಾಕ್ ಬ್ರೂಡ್ ಬಂದಾಗಲೂ ಎರಿ ಹೀಗೆ ಚದುರಿದಂತೆ ಕಾಣುತ್ತದೆ, ಆದರೆ ಅಲ್ಲಿ ತಲೆ ಮೇಲೆತ್ತಿ ಸತ್ತ, ನೀರು ತುಂಬಿದ ಚೀಲದಂಥ ಮರಿಗಳು ಕಣದಲ್ಲೇ ಇರುತ್ತವೆ. ಇಲ್ಲಿ ಕಣ ಶುಭ್ರವಾಗಿ ಖಾಲಿ.

ಹಾಗಾಗಿ ಎಂಟರಲ್ಲಿ ಮೂರು ನಾಲ್ಕು ಒಳ್ಳೆ ಪೆಟ್ಟಿಗೆ ಆರಿಸಿ, ಎಲ್ಲದರಿಂದಲೂ ರಾಣಿ ಬೆಳೆಸಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಬೇರೆ ಊರಿನ ಜೇನು ಸಾಕುವವರ ಜೊತೆ ಒಂದೆರಡು ಕುಟುಂಬ ಅದಲುಬದಲು ಮಾಡಿಕೊಳ್ಳಿ, ರೋಗ ಇಲ್ಲ ಅಂತ ಖಚಿತ ಮಾಡಿಕೊಂಡು. ಕಾಡಿನ ಪೊಟರೆಯಲ್ಲಿರುವ ತುಡುವೆಗಳನ್ನು ಹಾಗೇ ಇರಲು ಬಿಡಿ. ನಿಮ್ಮ ರಾಣಿಗಳಿಗೆ ಬೇಕಾದ ಬೇರೆ ಮನೆಯ ಗಂಡುಗಳು ಬರುವುದು ಅಲ್ಲಿಂದಲೇ.

ಕೊನೆಯ ಪ್ರಶ್ನೆ: ಸಾಕಿದ ನೊಣಗಳ ಗುಣ ಬರುತ್ತದಾ? ವಂಶದ ಗುಣ ಬರುವುದಿಲ್ಲ. ಹುಳು ಯಾವ ಪೆಟ್ಟಿಗೆಯದೋ ವಂಶವಾಹಿ ಆ ಪೆಟ್ಟಿಗೆಯದೇ. ಸಾಕಿದವರ ಊಟ ಆ ರಾಣಿ ಎಷ್ಟು ದಪ್ಪ, ಅಂಡಾಶಯ ಎಷ್ಟು ತುಂಬಿದ್ದು ಅನ್ನುವುದನ್ನು ತೀರ್ಮಾನಿಸುತ್ತದೆ. ಹಾಗಾಗಿ ಹುಳುವನ್ನು ಒಳ್ಳೆ ಗುಣದ ಪೆಟ್ಟಿಗೆಯಿಂದ ತೆಗೆಯಿರಿ. ಸಾಕಲು ಎಳೆ ನೊಣ ಜಾಸ್ತಿ ಇರುವ, ಪರಾಗ ತುಂಬಿರುವ ಗಟ್ಟಿ ಪೆಟ್ಟಿಗೆಗೆ ಕೊಡಿ. ಅದು ಸ್ವಲ್ಪ ಸಿಟ್ಟಿನ ಪೆಟ್ಟಿಗೆ ಆಗಿದ್ದರೂ ಪರವಾಗಿಲ್ಲ. ಹುಳು ಮಾತ್ರ ಮೊಟ್ಟೆ ಒಡೆದು ಒಂದು ದಿನದ ಒಳಗಿನದಾಗಿರಲಿ, ಕಣದ ತಳದಲ್ಲಿ ಸಣ್ಣ ಅರ್ಧಚಂದ್ರದ ಹಾಗೆ ಕಾಣುವಂಥದ್ದು. ಅದು ಉಂಗುರದ ಹಾಗೆ ಸುತ್ತಿಕೊಂಡು ತಳ ತುಂಬಿದ್ದರೆ ತಡವಾಗಿದೆ. ಅದನ್ನು ಬಿಟ್ಟು ಪಕ್ಕದ ಕಣ ನೋಡಿ.